ಬುಗುನರ ಬೆಟ್ಟದಲ್ಲಿ ಪಕ್ಷಿವೀಕ್ಷಣೆ

ಪಕ್ಷಿವೀಕ್ಷಣೆಯು ಏಕಾಂತಪ್ರಿಯರ ಹವ್ಯಾಸವೆಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು, ಮಾತಿಲ್ಲದೆ, ಮರಗಳ ನಡುವೆ ಒಬ್ಬನೇ ಅಲೆಯುವ ವ್ಯಕ್ತಿಯ ಚಿತ್ರವೇ ಕಣ್ಣಮುಂದೆ ನಿಲ್ಲುತ್ತದೆ. ಪರ್ವತಪ್ರದೇಶಗಳಲ್ಲಾದರೋ ಈ ಕಾರ್ಯ ಒಬ್ಬನಿಂದ ಸಾಗುವಂಥದಲ್ಲ. ಅಲ್ಲಿ ದಾರಿ ತಿಳಿದವನೊಬ್ಬ, ಧ್ವನಿ ಗುರುತಿಸುವವನು ಇನ್ನೊಬ್ಬ, ಹೆಸರು ಬಲ್ಲವನು ಮತ್ತೊಬ್ಬ. ಅರುಣಾಚಲ ಪ್ರದೇಶದ ಪಶ್ಚಿಮ ಕಾಮೆಂಗ್ ಜಿಲ್ಲೆಯ ಸಿಂಗ್‌ಚುಂಗ್ ಗ್ರಾಮದ ವೃತ್ತಾಂತ ಇದಕ್ಕೊಂದು ಉತ್ತಮ ನಿದರ್ಶನ.

ಸಿಂಗ್‌ಚುಂಗ್, ಬುಗುನ್ ಎಂಬ ಸಣ್ಣ ಬುಡಕಟ್ಟಿನವರ ಊರು. ಅದರ ನೆರೆಯಲ್ಲಿಯೇ ಸುಮಾರು 217 ಚದರ ಕಿಲೋಮೀಟರ್ ವಿಸ್ತಾರದ ಈಗಲ್‌ನೆಸ್ಟ್ ವನ್ಯಜೀವಿಧಾಮವಿದೆ. ಹದ್ದಿನ ಗೂಡು ಎಂಬರ್ಥದ ಈ ಹೆಸರು ಹದ್ದುಗಳಿಂದ ಬಂದುದಲ್ಲ. 1950ರ ದಶಕದಲ್ಲಿ ಅಲ್ಲಿ ಬೀಡುಬಿಟ್ಟಿದ್ದ, ಕೆಂಪು ಹದ್ದಿನ ಲಾಂಛನವುಳ್ಳ ಸೇನಾ ವಿಭಾಗದಿಂದ ಬಂದುದು. ಸಮುದ್ರಮಟ್ಟದಿಂದ 500 ಮೀಟರ್ ಎತ್ತರದಲ್ಲಿ ಆರಂಭವಾಗುವ ಈ ಕಾಡು 3,250 ಮೀಟರಿನವರೆಗೆ ಏರುತ್ತದೆ. ಎತ್ತರ ಹೆಚ್ಚಿದಂತೆ ತಂಪೂ ಹೆಚ್ಚುವುದರಿಂದ, ಪ್ರತಿಯೊಂದು ಹಂತದಲ್ಲಿಯೂ ಮರಗಳು ಬೇರೆ, ಹಕ್ಕಿಗಳು ಬೇರೆ. ಕೆಳಗಿನ ಕಾವಿನ ಕಾಡಿನಲ್ಲಿ ಮಂಗಟ್ಟೆಗಳನ್ನು ಕಂಡವನು, ಅದೇ ರಸ್ತೆಯಲ್ಲಿ ಮೇಲೇರಿ, ಮಂಜು ಕವಿದ ಬಿದಿರುಮೆಳೆಗಳಲ್ಲಿ ಕಾಡುಕೋಳಿಯ ಬಳಗಕ್ಕೆ ಸೇರಿದ ಟ್ರಾಗೊಪಾನ್ ಪಕ್ಷಿಯನ್ನು ಅರಸಬಹುದು.

ಇಲ್ಲಿಯ ಆನಂದವೆಲ್ಲ ಮಿಶ್ರ ಹಿಂಡುಗಳಲ್ಲಿದೆ. ಗಂಟೆಗಟ್ಟಲೆ ಕಾಡು ನಿಶ್ಶಬ್ದವಾಗಿರುತ್ತದೆ. ಒಮ್ಮೆಲೇ ನಗೆಮಲ್ಲ, ಹರಟೆಮಲ್ಲ, ಕಾಜಾಣ, ನೊಣಹಿಡುಕ ಮೊದಲಾದ ಹತ್ತಾರು ಬಗೆಯ ಹಕ್ಕಿಗಳು ಜೊತೆಗೂಡಿ ಪೊದೆಯಿಂದ ಪೊದೆಗೆ ಹರಿದು ಬರುತ್ತವೆ. ಒಂದು ಕೆದಕಿ ಎಬ್ಬಿಸಿದ ಹುಳು ಇನ್ನೊಂದಕ್ಕೆ ಆಹಾರ. ಗಿಡುಗ ಬಂದರೆ ಒಂದರ ಕೂಗು ಎಲ್ಲಕ್ಕೂ ಎಚ್ಚರಿಕೆ. ಕೆಲವೇ ನಿಮಿಷಗಳಲ್ಲಿ ಹಿಂಡು ದಾಟಿಹೋಗುವುದರಿಂದ ಇಬ್ಬರು ಕಣ್ಣುಗಳಿಂದಲೂ ಎಲ್ಲವನ್ನೂ ಕಾಣಲಾಗದು. "ಬಾಗಿದ ಕೊಂಬೆಯ ಎಡಕ್ಕೆ, ಪಾಚಿಯ ಮೇಲೆ" ಎಂದು ಒಬ್ಬನು ಪಿಸುಗುಟ್ಟಿದರೆ ಉಳಿದವರ ದುರ್ಬೀನುಗಳೆಲ್ಲ ಅತ್ತ ತಿರುಗಬೇಕು. ತಾನು ಕಂಡದ್ದನ್ನು ಪಕ್ಕದವನೂ ಕಂಡನೆಂದು ಖಚಿತವಾದಾಗ ಆಗುವ ಹಿಗ್ಗು ಬೇರೆಯೇ. ಹಿಂದಿನ ದಿನ ಅಪರಿಚಿತರಾಗಿದ್ದವರು ಸಂಜೆ ಶಿಬಿರದ ಬೆಂಕಿಯ ಸುತ್ತ ಪಟ್ಟಿ ಓದುವ ಹೊತ್ತಿಗೆ ಸ್ನೇಹಿತರಾಗಿರುತ್ತಾರೆ.

ಇಂತಹ ಸ್ನೇಹವೊಂದರಿಂದ ವಿಜ್ಞಾನಕ್ಕೂ ಲಾಭವಾಯಿತು. ವೃತ್ತಿಯಿಂದ ಖಗೋಳವಿಜ್ಞಾನಿಯಾದ ರಮಣ ಆತ್ರೇಯರು 1995ರ ಜನವರಿಯಲ್ಲಿ ಇಲ್ಲಿ ಗುರುತು ಹತ್ತದ ಹಕ್ಕಿಯೊಂದನ್ನು ಕ್ಷಣಕಾಲ ಕಂಡರು. ನಕ್ಷತ್ರಗಳನ್ನು ಅಳೆಯುವವರಿಗೆ ತಾಳ್ಮೆ ಸಹಜವಿರಬೇಕು. ಹತ್ತು ವರ್ಷ ಕಳೆದು, 2005ರಲ್ಲಿ, ಅದು ಮತ್ತೆ ಕಂಡಿತು. 2006ರ ಮೇ ತಿಂಗಳಲ್ಲಿ ಬಲೆಗೆ ಸಿಕ್ಕಾಗ ಅದು ಲೋಕಕ್ಕೆ ಹೊಸದೆಂಬುದು ಖಚಿತವಾಯಿತು. ಕಪ್ಪು ನೆತ್ತಿ, ಕಣ್ಣಿನ ಮುಂದೆ ಕಿತ್ತಳೆಹಳದಿಯ ಮಚ್ಚೆ, ರೆಕ್ಕೆಯಲ್ಲಿ ಹಳದಿ, ಕೆಂಪು, ಬಿಳಿ ಬಣ್ಣಗಳ ಈ ಹಕ್ಕಿ ನಗೆಮಲ್ಲಗಳ ಬಳಗದ್ದು.

ಹೊಸ ಪ್ರಭೇದವನ್ನು ಪ್ರಕಟಿಸುವವರು ಅದರ ಒಂದು ಹಕ್ಕಿಯನ್ನು ಕೊಂದು ವಸ್ತುಸಂಗ್ರಹಾಲಯದಲ್ಲಿ ಇರಿಸುವುದು ಪದ್ಧತಿ. ಆಗ ತಿಳಿದಿದ್ದುದು ಹದಿನಾಲ್ಕೇ ಹಕ್ಕಿಗಳು. ಅದರಲ್ಲಿ ಒಂದನ್ನು ಕಳೆಯುವುದೂ ಅಪಾಯವೆಂದು ಭಾವಿಸಿದ ಆತ್ರೇಯರು, ಉದುರಿದ ಗರಿಗಳು, ಅಳತೆಗಳು, ಛಾಯಾಚಿತ್ರಗಳು ಹಾಗೂ ಧ್ವನಿಮುದ್ರಣಗಳನ್ನು ಆಧಾರವಾಗಿಟ್ಟುಕೊಂಡು ಹಕ್ಕಿಯನ್ನು ಹಾರಲು ಬಿಟ್ಟರು. ಹೆಸರಿಡುವಾಗಲೂ ಯಾವ ಗಣ್ಯರನ್ನೂ ನೆನೆಯದೆ, ಆ ಕಾಡಿನ ಒಡೆಯರ ಹೆಸರನ್ನೇ ಇಟ್ಟರು: ಲಿಯೋಸಿಕ್ಲಾ ಬುಗುನೋರಂ, ಅಂದರೆ ಬುಗುನರ ಲಿಯೋಸಿಕ್ಲಾ. ಈ ಒಂದು ನಿರ್ಧಾರ ಅನೇಕ ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ.

ಇಲ್ಲಿ ಭಾವನೆಯೊಂದೇ ಇತ್ತೆಂದು ಹೇಳಲಾಗದು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಈಶಾನ್ಯ ರಾಜ್ಯಗಳಲ್ಲಿ ಮರ ಕಡಿಯುವುದು ಬಹುಮಟ್ಟಿಗೆ ನಿಂತು, ಅದನ್ನೇ ನೆಚ್ಚಿದ್ದವರ ಆದಾಯಕ್ಕೆ ಪೆಟ್ಟು ಬಿದ್ದಿತ್ತು. ಹೊಟ್ಟೆಗೆ ದಾರಿ ಕಾಣದವನಿಗೆ ಹಕ್ಕಿಯ ಚೆಲುವನ್ನು ಬೋಧಿಸುವುದು ಕ್ರೂರವಾದೀತು. ಆತ್ರೇಯರು ಸಿಂಗ್‌ಚುಂಗಿನ ಇಂದಿ ಗ್ಲೋ ಅವರೊಡನೆ ಸೇರಿ, ಹಕ್ಕಿ ನೋಡಲು ಬರುವವರಿಗಾಗಿ ಶಿಬಿರಗಳನ್ನು ನಡೆಸುವ ವ್ಯವಸ್ಥೆ ರೂಪಿಸಿದರು. ಅಡುಗೆ, ವಾಹನ, ಮಾರ್ಗದರ್ಶನಗಳೆಲ್ಲ ಊರವರ ಕೈಯಲ್ಲಿ. ದೂರದ ದೇಶಗಳಿಂದ ಬಂದವರು ತಮ್ಮ ಹೆಸರಿನ ಹಕ್ಕಿಯನ್ನು ಕಾಣಲು ಚಳಿಯಲ್ಲಿ ಕಾದು ನಿಂತುದನ್ನು ಬುಗುನರು ಕಂಡರು. ಹಕ್ಕಿಯ ನೆಲೆಯ ಬಹುಭಾಗ ವನ್ಯಜೀವಿಧಾಮದ ಹೊರಗೆ, ಬುಗುನರ ಸ್ವಂತ ಕಾಡಿನಲ್ಲಿತ್ತು. ಆದುದರಿಂದ ಅರಣ್ಯ ಇಲಾಖೆಯೊಂದರಿಂದಲೇ ಆಗುವ ಕೆಲಸ ಇದಾಗಿರಲಿಲ್ಲ. 2017ರಲ್ಲಿ ಅವರು ಅಲ್ಲಿಯ ಸುಮಾರು 17 ಚದರ ಕಿಲೋಮೀಟರ್ ಅರಣ್ಯವನ್ನು ಸಮುದಾಯ ಮೀಸಲು ಪ್ರದೇಶವನ್ನಾಗಿ ಘೋಷಿಸಲು ಒಪ್ಪಿದರು. ಊರಿನ ಯುವಜನರೇ ಅದರ ಕಾವಲುಗಾರರು.

ಈ ಸಂಬಂಧದ ಇನ್ನೊಂದು ಎಳೆ ನಮ್ಮ ನಾಡಿಗೂ ತಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ಶ್ರೀನಿವಾಸನ್ ಅವರು ಸ್ಥಳೀಯ ಸಹಾಯಕರೊಡನೆ 2011ರಿಂದ ಈ ಕಾಡಿನಲ್ಲಿ ಹಕ್ಕಿಗಳನ್ನು ನಯವಾದ ಬಲೆಗಳಲ್ಲಿ ಹಿಡಿದು, ತೂಗಿ, ಕಾಲಿಗೆ ಸಂಖ್ಯೆಯುಳ್ಳ ಪುಟ್ಟ ಲೋಹದ ಬಳೆ ತೊಡಿಸಿ ಬಿಡುತ್ತಿದ್ದಾರೆ. ಬಳೆ ತೊಟ್ಟ ಹಕ್ಕಿ ಮುಂದಿನ ವರ್ಷ ಮತ್ತೆ ಬಲೆಗೆ ಬಿದ್ದರೆ ಅದು ಬದುಕಿದೆಯೆಂದು ಲೆಕ್ಕ. ಹಿಂದೆ ಮರ ಕಡಿದ ಭಾಗಗಳಲ್ಲಿ ಕಾಡು ಹೆಚ್ಚು ಬಿಸಿಯೂ ಒಣವೂ ಆಗಿ, ಕೆಲವು ಪ್ರಭೇದಗಳ ಬದುಕು ಕಷ್ಟವಾಗಿದೆ. ಸೆಕೆ ಹೆಚ್ಚಿದಂತೆ ಅನೇಕ ಹಕ್ಕಿಗಳು ಮೇಲಕ್ಕೆ ಸರಿಯುತ್ತಿವೆ. ಬುಗುನ್ ಲಿಯೋಸಿಕ್ಲಾ ಇರುವುದು ಎರಡು ಸಾವಿರ ಮೀಟರಿನ ಮೇಲಿನ ಕಿರಿದಾದ ಒಂದು ಪಟ್ಟಿಯಲ್ಲಿ.