ಆತ್ಮಹತ್ಯೆಯ ಯೋಚನೆ: ಮಿದುಳಿನಲ್ಲಿ ಏನಾಗುತ್ತದೆ?

ಭಂಡಿಗಡಿಯಂಥ ಊರಿನಲ್ಲಿ ಅಕ್ಕಪಕ್ಕದ ಎರಡು ಅಡಿಕೆ ತೋಟಗಳಿವೆ ಎಂದುಕೊಳ್ಳಿ. ಮಳೆಗಾಲದಲ್ಲಿ ಎರಡಕ್ಕೂ ಕೊಳೆರೋಗ ತಗಲಿತು. ಜೊತೆಗೆ ಎಲೆಚುಕ್ಕಿ ರೋಗವೂ ಸೇರಿ ಫಸಲು ಅರ್ಧಕ್ಕಿಳಿಯಿತು. ಇಬ್ಬರು ಯಜಮಾನರಿಗೂ ಸಾಲವಿದೆ. ಒಬ್ಬರು ಚಿಂತಿಸುತ್ತಲೇ ಮುಂದಿನ ವರ್ಷದ ಕೆಲಸಕ್ಕೆ ಅಣಿಯಾಗುತ್ತಾರೆ. ಇನ್ನೊಬ್ಬರಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. 'ನಾನಿಲ್ಲದಿದ್ದರೆ ಮನೆಯವರಿಗೆ ನೆಮ್ಮದಿ' ಎಂಬ ಯೋಚನೆ ಬೇರೂರುತ್ತದೆ. ಕಷ್ಟ ಒಂದೇ ಆದರೂ ಈ ವ್ಯತ್ಯಾಸವೇಕೆ?

'ಸಾಲಕ್ಕೆ ಹೆದರಿದರು', 'ಮನಸ್ಸು ಗಟ್ಟಿಯಿರಲಿಲ್ಲ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ವೈದ್ಯವಿಜ್ಞಾನ ಹಾಗೆ ಹೇಳುವುದಿಲ್ಲ. ಹೊರಗಿನ ಕಷ್ಟ ಮತ್ತು ಒಳಗಿನ ಜೈವಿಕ ದೌರ್ಬಲ್ಯ ಎರಡೂ ಕೂಡಿದಾಗ ಅಪಾಯ ಹೆಚ್ಚುತ್ತದೆ. 2022ರಲ್ಲಿ ದೇಶದಲ್ಲಿ ದಾಖಲಾದ ಆತ್ಮಹತ್ಯೆಗಳು 1,70,924. ಅವುಗಳಲ್ಲಿ 13,606 ನಮ್ಮ ರಾಜ್ಯದವು.

ರಾಸಾಯನಿಕಗಳ ಏರುಪೇರು

ಮಿದುಳಿನ ನರಕೋಶಗಳು ಪರಸ್ಪರ ಸಂದೇಶ ಕಳಿಸುವುದು ಕೆಲವು ರಾಸಾಯನಿಕಗಳ ಮೂಲಕ. ಸೆರೊಟೋನಿನ್ ಅಂಥದ್ದೊಂದು. 1976ರಲ್ಲಿ ಸ್ವೀಡನ್ನಿನ ಮನೋವೈದ್ಯೆ ಮೇರಿ ಆಸ್‌ಬರ್ಗ್ ಮತ್ತು ಸಂಗಡಿಗರು ಖಿನ್ನತೆಯ ರೋಗಿಗಳ ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದರು. ಸೆರೊಟೋನಿನ್ ಒಡೆದಾಗ ಉಳಿಯುವ ಅಂಶ ಕಡಿಮೆಯಿದ್ದವರಲ್ಲಿ ಆತ್ಮಹತ್ಯಾ ಯತ್ನಗಳು ಹೆಚ್ಚಾಗಿದ್ದವು. ಆದರೆ ಇದೊಂದೇ ಕಾರಣವಲ್ಲ. ರಕ್ತ ಪರೀಕ್ಷೆಯಿಂದ ಅಪಾಯವನ್ನು ಮೊದಲೇ ಹೇಳಲೂ ಬರುವುದಿಲ್ಲ.

ಹಣೆಯ ಹಿಂಭಾಗದಲ್ಲಿರುವ ಮಿದುಳಿನ ಭಾಗ ನಮ್ಮ ಆವೇಗಗಳಿಗೆ ಬ್ರೇಕ್ ಇದ್ದಂತೆ. 'ತಾಳು, ಬೇರೆ ದಾರಿಯಿದೆ' ಎನ್ನುವುದು ಇದೇ. ತೀವ್ರ ಖಿನ್ನತೆಯಲ್ಲಿ ಈ ಬ್ರೇಕ್ ಸಡಿಲವಾಗಬಹುದು. ಮದ್ಯಪಾನ ಅದನ್ನು ಇನ್ನಷ್ಟು ಸಡಿಲಿಸುತ್ತದೆ. ಎದುರಿಗಿರುವ ಪರಿಹಾರವೂ ಆಗ ರೋಗಿಯ ಕಣ್ಣಿಗೆ ಬೀಳುವುದಿಲ್ಲ.

ಬಾಲ್ಯ ಮತ್ತು ವಂಶ

ಕಷ್ಟ ಬಂದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿ, ಬಳಿಕ ಇಳಿಯಬೇಕು. 2009ರಲ್ಲಿ ಕೆನಡಾದ ವಿಜ್ಞಾನಿಗಳು ಆತ್ಮಹತ್ಯೆಯಿಂದ ಸತ್ತವರ ಮಿದುಳನ್ನು ಪರಿಶೀಲಿಸಿದರು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದ್ದವರಲ್ಲಿ, ಈ ಹಾರ್ಮೋನನ್ನು ಹತೋಟಿಯಲ್ಲಿಡಲು ನೆರವಾಗುವ ಜೀನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಎಳೆಯ ವಯಸ್ಸಿನ ನೋವು ಮಿದುಳಿನಲ್ಲಿ ಗುರುತು ಉಳಿಸುತ್ತದೆ ಎಂಬುದಕ್ಕೆ ಇದೊಂದು ಸುಳಿವು.

ಮನೆತನದಲ್ಲಿ ಹಿಂದೆ ಆತ್ಮಹತ್ಯೆ ನಡೆದಿದ್ದರೆ ಅಪಾಯ ಸ್ವಲ್ಪ ಹೆಚ್ಚು. ಹಾಗೆಂದು ಅದು ಹಣೆಬರಹವಲ್ಲ. ಸಕ್ಕರೆ ಕಾಯಿಲೆಯ ಮನೆತನದವರು ಎಚ್ಚರ ವಹಿಸುವಂತೆ ಇಲ್ಲಿಯೂ ಎಚ್ಚರವಿದ್ದರೆ ಸಾಕು.

ಮನೆಯವರು ಏನು ಮಾಡಬೇಕು?

* ನಿದ್ದೆಗೆಡುವುದು, ಮಾತು ಬಿಡುವುದು, ಕುಡಿತ ಹೆಚ್ಚುವುದು, 'ಎಲ್ಲರಿಗೂ ಹೊರೆಯಾದೆ' ಎನ್ನುವುದು - ಇವನ್ನು ಕಡೆಗಣಿಸಬೇಡಿ.

* 'ಸಾಯುವ ಯೋಚನೆ ಬರುತ್ತಿದೆಯೇ?' ಎಂದು ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ತಪ್ಪು. ಉಪದೇಶ ಬೇಡ, ಕಿವಿಗೊಡಿ.

* ತೋಟದ ಕೀಟನಾಶಕ, ಮಾತ್ರೆಗಳು, ಕೋವಿ ಬೀಗದೊಳಗಿರಲಿ; ಬೀಗದ ಕೈ ಬೇರೆಯವರ ಬಳಿ ಇರಲಿ. ತೀವ್ರ ಆವೇಗದ ಗಳಿಗೆ ದಾಟಿದರೆ ಅನೇಕರು ಉಳಿಯುತ್ತಾರೆ.

* ಅಪಾಯ ತಕ್ಷಣದ್ದೆನಿಸಿದರೆ ಒಬ್ಬರನ್ನೇ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

* ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರ ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮನಸ್ಸು ಏರಿಳಿಯುವ ಬೈಪೋಲಾರ್ ಕಾಯಿಲೆಯಲ್ಲಿ ಲಿಥಿಯಂ ಹಲವರ ಜೀವ ಉಳಿಸಿದೆ.

ಪೊಲೀಸರ ಭಯದಿಂದ ಯಾರೂ ವಿಷಯ ಮುಚ್ಚಿಡಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಅವರಿಗೆ ಆರೈಕೆ ಕೊಡಬೇಕೆನ್ನುತ್ತದೆ. ಮಳೆಯಲ್ಲಿ ದಾರಿ ಕೆಟ್ಟು ಪೇಟೆಗೆ ಹೋಗಲಾಗದಿದ್ದರೂ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ತೋಟಕ್ಕೆ ರೋಗ ಬಂದರೆ ಮರವನ್ನು ಬೈಯುವುದಿಲ್ಲ, ಮದ್ದು ಹುಡುಕುತ್ತೇವೆ. ಮನೆಯ ಮನುಷ್ಯನ ವಿಷಯದಲ್ಲೂ ಅಷ್ಟೇ ವಿವೇಕವಿರಲಿ.