ಮಗುಗೆ ಮತ್ತೆ ನೆಗಡಿನಾ? ಬನ್ನಿ, ಒಂದು ಲೆಕ್ಕ ಹಾಕೋಣ

ಪ್ಲೇ ಹೋಮ್ ಶುರುವಾಗಿ ಎರಡು ತಿಂಗಳಾದ್ರೆ ಸಾಕು, ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಒಂದೇ ಮಾತು: "ನಮ್ ಮಗುಗೆ ಇಮ್ಯುನಿಟಿನೇ ಇಲ್ಲ ಅನ್ಸುತ್ತೆ." ನಮ್ಮಕ್ಕನೂ ಇದನ್ನೇ ಹೇಳ್ತಾಳೆ. ನಾನು ಓದಿದ್ದು ಬಿಕಾಂ, ಡಾಕ್ಟರ್ ಅಲ್ಲ. ಆದ್ರೆ ಇದರಲ್ಲಿ ಅರ್ಧ ಬರೀ ಲೆಕ್ಕ. ಅಷ್ಟು ನಂಗೆ ಬರುತ್ತೆ.

ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಆಗೋದು ಮಾಮೂಲು. ದಿನವಿಡೀ ಬೇರೆ ಮಕ್ಕಳ ಜೊತೆ ಇರೋ ಮಗುವಿಗೆ 10-12 ಆದ್ರೂ ಆಶ್ಚರ್ಯ ಇಲ್ಲ. ಒಂದೊಂದು ನೆಗಡಿ ಪೂರ್ತಿ ಇಳಿಯೋಕೆ 10ರಿಂದ 14 ದಿನ ಬೇಕು. ಕೆಮ್ಮು ಮೂರನೇ ವಾರಕ್ಕೂ ಎಳೆಯಬಹುದು. ಈಗ ಗುಣಿಸಿ: 8 ಸಲ, ಸಲಕ್ಕೆ 12 ದಿನ. 96 ದಿನ! ಅದೂ ಹೆಚ್ಚಿನಂಶ ಮಳೆಗಾಲ, ಚಳಿಗಾಲದಲ್ಲೇ. ಒಂದು ಮುಗಿಯೋ ಮೊದಲೇ ಇನ್ನೊಂದು ಶುರು. ಮನೆಯವರಿಗೆ ಅದು ಮೂರು ತಿಂಗಳಿಂದ ಬಿಡದೇ ಇರೋ ಒಂದೇ ನೆಗಡಿ ಥರ ಕಾಣುತ್ತೆ.

ನೆಗಡಿ ತರೋ ವೈರಸ್‌ಗಳು 200ಕ್ಕೂ ಹೆಚ್ಚು. ರೈನೋವೈರಸ್ ಒಂದರಲ್ಲೇ 150ಕ್ಕೂ ಮೇಲೆ ಬಗೆ. ಒಂದನ್ನ ಗೆದ್ದ ಮಾತ್ರಕ್ಕೆ ಇನ್ನೊಂದು ಬಿಡಲ್ಲ.

ನಂಗೆ ಸಿಟ್ಟು ಬರೋದು ಇಲ್ಲಿ: ಹೋದ ಸಲ ಉಳಿದ ಆಂಟಿಬಯೋಟಿಕ್ ಸಿರಪ್ಪನ್ನ ಫ್ರಿಜ್‌ನಿಂದ ತೆಗೆದು ಕುಡಿಸೋದು. ವೈರಸ್‌ಗೆ ಅದು ಏನೂ ಮಾಡಲ್ಲ. ಮೂರ್ನಾಲ್ಕು ದಿನಕ್ಕೆ ಜ್ವರ ತಾನಾಗೇ ಇಳಿಯುತ್ತೆ, ಕ್ರೆಡಿಟ್ ಮಾತ್ರ ಬಾಟಲಿಯ ಖಾತೆಗೆ ಜಮಾ. ಮಗುವಿಗೆ ಉಳಿಯೋದು ಭೇದಿ.

ಹಾಗಂತ ಎಲ್ಲಾನೂ ಮಾಮೂಲು ಅನ್ನಬೇಡಿ. ಎರಡು ನೆಗಡಿ ಮಧ್ಯೆ ಮಗು ಉಂಡು, ಆಡ್ಕೊಂಡು, ತೂಕ ಏರ್ತಿದ್ರೆ ಸರಿ. ತೂಕ ನಿಂತ್ರೆ, ವರ್ಷದೊಳಗೆ ಎರಡು ಸಲ ನ್ಯುಮೋನಿಯಾ ಆದ್ರೆ, ಕಿವಿ ಪದೇ ಪದೇ ಸೋರಿದ್ರೆ ಮಕ್ಕಳ ತಜ್ಞರಿಗೆ ತೋರಿಸಲೇಬೇಕು. ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಅನ್ನೋ ಸದ್ದು ಇದ್ರೆ ಅದು ಸೋಂಕೇ ಅಲ್ಲದೆ ಆಸ್ತಮಾ ಇರಬಹುದು.

ಕೈಯಲ್ಲಿ ಫೋನ್ ಇದೆಯಲ್ಲ, ಟೈಮರ್ ಹಾಕಿ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2ರಿಂದ 11 ತಿಂಗಳ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಬಂದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ. ಪಕ್ಕೆ ಒಳಗೆ ಸೆಳೀತಿದ್ರೆ ಬೆಳಗಾಗಲಿ ಅಂತ ಕಾಯಲೇಬೇಡಿ.

ಇನ್ನು ಮನೆಯೊಳಗೆ ಬೀಡಿ-ಸಿಗರೇಟು, ಸೊಳ್ಳೆ ಬತ್ತಿ ಹೊಗೆ ನಿಲ್ಲಿಸಿ; ಯಾವ ಇಮ್ಯುನಿಟಿ ಪುಡಿಗಿಂತಲೂ ಇದು ಮೇಲು, ಖರ್ಚೂ ಇಲ್ಲ. ತಾಯಿ ಕಾರ್ಡ್ ತೆಗೆದು ಪಿಸಿವಿ ಲಸಿಕೆ ನೋಡಿ: 6 ವಾರ, 14 ವಾರ, 9 ತಿಂಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅದು ನೆಗಡಿ ತಡೆಯಲ್ಲ, ನ್ಯುಮೊಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ ಬರೋ ನ್ಯುಮೋನಿಯಾ ತಡೆಯೋಕೆ ಇರೋದು.