ಅಂತರಜಾಲದಲ್ಲಿ ಅಭಿವ್ಯಕ್ತಿ: ತಡೆಹಿಡಿಯುವ ಅಧಿಕಾರ ಮತ್ತು ನಾಗರಿಕರ ಹಕ್ಕುಗಳು

ಸಂವಿಧಾನದ 19(1)(ಎ) ಅನುಚ್ಛೇದವು ನೀಡಿರುವ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವು ಅಂತರಜಾಲಕ್ಕೂ ಅನ್ವಯಿಸುತ್ತದೆ. ಕಿರಿಕಿರಿ ಉಂಟುಮಾಡುವ ಸಂದೇಶವನ್ನೂ ಅಪರಾಧವೆಂದು ಪರಿಗಣಿಸಿದ್ದ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 66ಎ ಅನ್ನು ಸರ್ವೋಚ್ಚ ನ್ಯಾಯಾಲಯವು 24-03-2015ರಂದು ರದ್ದುಪಡಿಸಿದೆ. ಈ ಕಲಮಿನಡಿ ಯಾರ ವಿರುದ್ಧವೂ ಮೊಕದ್ದಮೆ ನಡೆಸುವಂತಿಲ್ಲವೆಂದು 2022ರಲ್ಲಿ ಪುನಃ ನಿರ್ದೇಶಿಸಿದೆ.

ತಡೆಹಿಡಿಯುವ ಅಧಿಕಾರ ಯಾರಿಗಿದೆ?

ಕಲಂ 69ಎ ಅನ್ವಯ ಕೇಂದ್ರ ಸರ್ಕಾರವು ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ನಿರ್ದಿಷ್ಟ ಕಾರಣಗಳಿಗಾಗಿ ಮಾತ್ರ ಮಾಹಿತಿಯನ್ನು ತಡೆಹಿಡಿಯಬಹುದು. ಕಾರಣಗಳನ್ನು ಲಿಖಿತವಾಗಿ ದಾಖಲಿಸುವುದು ಕಡ್ಡಾಯ. ಪ್ರಕಟಿಸಿದವರನ್ನು ಅಥವಾ ಜಾಲತಾಣ ಸಂಸ್ಥೆಯನ್ನು ಗುರುತಿಸಿ, ಉತ್ತರಿಸಲು ಕನಿಷ್ಠ 48 ಗಂಟೆಗಳ ಕಾಲಾವಕಾಶವಿರುವ ನೋಟೀಸು ನೀಡತಕ್ಕದ್ದು. ತುರ್ತು ಸಂದರ್ಭಗಳು ಇದಕ್ಕೆ ಹೊರತಾಗಿವೆ. ಇದಲ್ಲದೆ, ಕಲಂ 79ರ ಅನ್ವಯ ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ತಲುಪಿದಾಗಲೂ ಸಂಸ್ಥೆಗಳು ಕಾನೂನುಬಾಹಿರ ಮಾಹಿತಿಯನ್ನು ತೆಗೆದುಹಾಕಬೇಕಾಗುತ್ತದೆ.

ಬಾಧಿತರಿಗೆ ಲಭ್ಯವಿರುವ ಪರಿಹಾರ

1. ಜಾಲತಾಣ ಸಂಸ್ಥೆಯೇ ಬರಹವನ್ನು ತೆಗೆದುಹಾಕಿದ್ದಲ್ಲಿ, ಮೊದಲು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸುವುದು.

2. ಅಧಿಕಾರಿಯ ನಿರ್ಣಯವು ಸಮಾಧಾನಕರವಾಗಿಲ್ಲದಿದ್ದಲ್ಲಿ, ಅದು ತಲುಪಿದ 30 ದಿನಗಳೊಳಗೆ ಕೇಂದ್ರ ಸರ್ಕಾರವು ರಚಿಸಿರುವ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್ ಮೂಲಕ ಮೇಲ್ಮನವಿ ಸಲ್ಲಿಸಬಹುದು.

3. ಸರ್ಕಾರದ ತಡೆ ಆದೇಶವನ್ನು ಸಂವಿಧಾನದ 226ನೇ ಅನುಚ್ಛೇದದಡಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಆದೇಶದಲ್ಲಿ ಕಾರಣಗಳು ಲಿಖಿತವಾಗಿರಬೇಕೆಂಬ ನಿಯಮವು ಇದಕ್ಕೆ ಆಧಾರವಾಗುತ್ತದೆ.